ಹಿಡಿದು ಬಿಡುವುದು ಎಲ್ಲಿಗೆ?

ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ಚಿರತೆ ಕಂಡಿತೆಂದರೆ ಟಿ.ವಿ. ಮೈಕಿನ ಮುಂದೆ ಜನ ಆಡುವ ಮಾತು ಒಂದೇ: ‘ಬೇಗ ಹಿಡಿದು ಎಲ್ಲಾದರೂ ದೂರದ ಕಾಡಿಗೆ ಬಿಟ್ಟು ಬರಲಿ.’ ಮಕ್ಕಳು ಮರಿ ಇರುವವರ ಭಯ ಅರ್ಥವಾಗುವಂಥದ್ದೇ. ಆದರೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಕೂತು ಅದೇ ಟಿ.ವಿ. ನೋಡುವ ನಮಗೆ ಬೇರೊಂದು ಪ್ರಶ್ನೆ ಏಳುತ್ತದೆ. ಯಾವ ಕಾಡಿಗೆ? ಜನವಿಲ್ಲದ, ದನಕರುವಿಲ್ಲದ, ಮೊದಲೇ ಬೇರೆ ಚಿರತೆಯಿಲ್ಲದ ಕಾಡು ಈ ರಾಜ್ಯದಲ್ಲಿ ಎಲ್ಲಿದೆ? ಕಾಡಿನ ಅಂಚಿನಲ್ಲಿ ಹಳ್ಳಿ ಇರುತ್ತದೆ, ಹಳ್ಳಿಯಲ್ಲಿ ಕುರಿ ರೊಪ್ಪ ಇರುತ್ತದೆ, ಆ ರೊಪ್ಪದಲ್ಲಿ ಒಂದು ಸಂಸಾರದ ಇಡೀ ಗಂಟು ಇರುತ್ತದೆ. ನಗರದವರು ‘ದೂರ’ ಎಂದು ಕೈ ತೋರಿಸುವ ಜಾಗ ನಮ್ಮಂಥವರ ಊರು.

ನಾನು ನಗರದ ಮೇಲಿನ ಸಿಟ್ಟಿನಿಂದ ಇದನ್ನು ಬರೆಯುತ್ತಿಲ್ಲ. ನಮ್ಮ ಹೋಬಳಿಯಲ್ಲಿ ಮಗನೋ ಮಗಳೋ ಬೆಂಗಳೂರಿನಲ್ಲಿ ಇಲ್ಲದ ಮನೆಗಳು ಕಡಿಮೆ. ಅಲ್ಲಿನ ಚಿರತೆ ನಮ್ಮ ಮಕ್ಕಳ ಬೀದಿಯ ಚಿರತೆಯೇ. ಅದಕ್ಕೇ ಹೇಳುತ್ತಿರುವುದು: ಬೆಂಗಳೂರಿನ ಕಾಡುಪ್ರಾಣಿಗಳು ಬೆಂಗಳೂರಿನಲ್ಲೇ ಇರಬೇಕು. ಅವಕ್ಕೂ ಅದೇ ಒಳ್ಳೆಯದು, ಅಲ್ಲಿನವರಿಗೂ ಅದೇ ಒಳ್ಳೆಯದು, ನಮಗಂತೂ ಅದೇ ಒಳ್ಳೆಯದು.

ಮೊದಲು ಲೆಕ್ಕ ನೋಡೋಣ. ಹೊಳೆಮತ್ತಿ ನೇಚರ್ ಫೌಂಡೇಶನ್‌ನ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ 282 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕ್ಯಾಮೆರಾ ಕಟ್ಟಿ ಅಧ್ಯಯನ ಮಾಡಿದರು. ಅದರ ವರದಿ 2025ರಲ್ಲಿ ಹೊರಬಂತು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ 54 ಚಿರತೆ. ಅದರಾಚೆಯ ಮೀಸಲು ಅರಣ್ಯ, ಕಾವಲು, ಖಾಸಗಿ ಜಮೀನುಗಳಲ್ಲಿ ಸುಮಾರು 30. ಎಲ್ಲ ಸೇರಿ 80ರಿಂದ 85. ಚಿರತೆಗೆ ಹೆಸರಾದ ಮುಂಬೈಗಿಂತಲೂ ಇದು ಹೆಚ್ಚು.

ಎಣಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಈ ಅಂಕಿಯ ಮೇಲೆ ನಂಬಿಕೆ ಬರುತ್ತದೆ. ಪ್ರಾಣಿ ಓಡಾಡುವ ಕಾಲುದಾರಿಯ ಎರಡೂ ಬದಿಯ ಮರಕ್ಕೆ, ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಒಂದೊಂದು ಕ್ಯಾಮೆರಾ ಬಿಗಿಯುತ್ತಾರೆ. ಮುಂದೆ ಏನಾದರೂ ಹಾದುಹೋದರೆ ತಾನೇ ಚಿತ್ರ ತೆಗೆದುಕೊಳ್ಳುತ್ತದೆ. ಒಂದು ಸಾಲದೇ, ಎರಡೇಕೆ? ಚಿರತೆಯ ಎಡಮೈಯ ಚುಕ್ಕೆಗಳೇ ಬೇರೆ, ಬಲಮೈಯ ಚುಕ್ಕೆಗಳೇ ಬೇರೆ. ಒಂದು ಚಿರತೆಯ ಚುಕ್ಕೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಎರಡೂ ಮಗ್ಗುಲಿನ ಚಿತ್ರ ಸಿಕ್ಕರೆ ಮಾತ್ರ, ನಿನ್ನೆ ಬಂದದ್ದೂ ಇವತ್ತು ಬಂದದ್ದೂ ಒಂದೇ ಪ್ರಾಣಿಯೋ ಅಲ್ಲವೋ ಎಂದು ಖಚಿತವಾಗಿ ಹೇಳಬಹುದು.

ಒಂದು ಕೋಟಿಗೂ ಮೀರಿದ ಜನರ ಮಗ್ಗುಲಲ್ಲಿ ಎಂಬತ್ತು ಚಿರತೆಗಳು ವರ್ಷವಿಡೀ ಇವೆ. ಸುದ್ದಿಯಾಗುವವು ಬೆರಳೆಣಿಕೆಯವು ಮಾತ್ರ. ಉಳಿದವು ಜನರ ಕಣ್ಣಿಗೆ ಬೀಳದೆ, ಯಾರ ತಂಟೆಗೂ ಹೋಗದೆ ಬಾಳುತ್ತಿವೆ. ‘ಚಿರತೆ ಊರಿಗೆ ನುಗ್ಗಿತು’ ಎಂದು ಶೀರ್ಷಿಕೆ ಕೊಡುವವರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ನುಗ್ಗಿದ್ದು ಯಾರು ಎನ್ನುವುದಕ್ಕೆ ಹಳೆಯ ಸಾಕ್ಷಿ ಬೇಕಾದಷ್ಟಿದೆ. ಬೆಂಗಳೂರಿನಲ್ಲಿ ಬಾಳಿ ಬೇಟೆಯ ಕತೆ ಬರೆದ ಕೆನೆತ್ ಆ್ಯಂಡರ್ಸನ್ ಅವರ ‘ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್’ 1954ರಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕನ ಕತೆ ಇದೆ. ಅದೇ ಪುಸ್ತಕದಲ್ಲಿ ಜಾಲಹಳ್ಳಿಯ ಚಿರತೆಯ ಕತೆಯೂ ಇದೆ. ಅಂದರೆ ಆ ಕಾಲಕ್ಕೆ ಕಾಡುಪ್ರಾಣಿಗಳ ಮಟ್ಟಿಗೆ ಎಮ್ಮೆದೊಡ್ಡಿಯೂ ಜಾಲಹಳ್ಳಿಯೂ ಒಂದೇ ಬಗೆಯ ಊರು. ನಮ್ಮ ಜಿಲ್ಲೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ ಈ ಕತೆಗಳನ್ನು ಕನ್ನಡಕ್ಕೆ ತಂದಾಗ ಒಂದು ಸಂಪುಟಕ್ಕೆ ‘ಜಾಲಹಳ್ಳಿಯ ಕುರ್ಕ’ ಎಂದೇ ಹೆಸರಿಟ್ಟರು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು. ಈಗ ಅಲ್ಲಿ ಮೆಟ್ರೊ ನಿಲ್ಲುತ್ತದೆ. ಎಪ್ಪತ್ತು ವರ್ಷದಲ್ಲಿ ಊರು ಅಷ್ಟು ದೂರ ಹರಿದಿದೆ. ಚಿರತೆ ತಾನಿದ್ದ ಕಡೆಯೇ ಸ್ವಲ್ಪ ಸ್ವಲ್ಪವಾಗಿ ಅಂಚಿಗೆ ಸರಿದಿದೆ.

ಇನ್ನು ನಾವು ಕಂಡ ಕಾಲದ ಎರಡು ಘಟನೆ. 2016ರ ಫೆಬ್ರುವರಿ 7, ಭಾನುವಾರ. ಕುಂದಲಹಳ್ಳಿಯ ಖಾಸಗಿ ಶಾಲೆಯೊಂದರ ಆವರಣದಲ್ಲಿ ಗಂಡು ಚಿರತೆ. ಪುಣ್ಯಕ್ಕೆ ಶಾಲೆಗೆ ರಜೆ. ಬೆಳಗಿನಿಂದ ರಾತ್ರಿಯವರೆಗೆ ಕಾರ್ಯಾಚರಣೆ ನಡೆಯಿತು, ನೋಡಲು ಸಾವಿರಾರು ಜನ ಮುತ್ತಿದರು, ಹಿಡಿಯಲು ಹೋದವರಲ್ಲಿ ಹಲವರು ಗಾಯಗೊಂಡರು. ಈಜುಕೊಳದ ಬಳಿ ಚಿರತೆಯ ಬಾಯಿಗೆ ಸಿಕ್ಕವರಲ್ಲಿ ಸಂಜಯ್ ಗುಬ್ಬಿ ಕೂಡ ಒಬ್ಬರು. ಮೇಲೆ ಹೇಳಿದ ಲೆಕ್ಕ ಹಾಕಿದವರು ಅವರೇ. ಮೈಮೇಲೆ ಹಲ್ಲಿನ ಗುರುತು ಹೊತ್ತ ಮನುಷ್ಯ ಇವತ್ತಿಗೂ ಆ ಪ್ರಾಣಿಗೆ ಜಾಗ ಉಳಿಸಿ ಎಂದು ಕೇಳುತ್ತಿದ್ದಾರೆ. ನಾನು ಅವರ ಮಾತಿಗೆ ಕಿವಿಗೊಡಲು ಇದೂ ಒಂದು ಕಾರಣ. ಬನ್ನೇರುಘಟ್ಟಕ್ಕೆ ಸಾಗಿಸಿದ ಆ ಚಿರತೆ ವಾರ ಕಳೆಯುವಷ್ಟರಲ್ಲಿ ಪಂಜರದಿಂದ ತಪ್ಪಿಸಿಕೊಂಡು ಹೋಯಿತು.

ಎರಡನೆಯದರ ಕೊನೆ ಹೀಗಾಗಲಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟ್, ಸಿಂಗಸಂದ್ರದ ಕಡೆ ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲಿ ಚಿರತೆಯೊಂದು ಕಾಣಿಸಿತು. ಕೆಲವು ದಿನ ಹುಡುಕಾಟ ನಡೆಯಿತು. ಕೊನೆಗೆ ಪಾಳು ಕಟ್ಟಡವೊಂದರಲ್ಲಿ ಸಿಕ್ಕಿಕೊಂಡಿತು. ಅರಿವಳಿಕೆ ಕೊಡಲು ಹೋದಾಗ ವೈದ್ಯರ ಮೇಲೆರಗಿತು, ಸಿಬ್ಬಂದಿ ಗುಂಡು ಹಾರಿಸಿದರು. ನವೆಂಬರ್ 1ರಂದು ಚಿರತೆ ಸತ್ತಿತು. ಕನ್ನಡ ರಾಜ್ಯೋತ್ಸವದ ದಿನ ಆ ಸುದ್ದಿ ನೋಡಿದ್ದು ಇನ್ನೂ ನೆನಪಿದೆ. ಪ್ರಾಣದ ಹಂಗು ತೊರೆದು ಒಳಹೊಕ್ಕ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಆದರೆ ಅಲ್ಲಿಯತನಕ ಬರದ ಹಾಗೆ ನೋಡಿಕೊಳ್ಳಬಹುದಿತ್ತಲ್ಲ ಎಂಬ ಸಂಕಟ ಈಗಲೂ ಹೋಗಿಲ್ಲ. ಚಿರತೆ ರಾತ್ರಿಯಲ್ಲಿ ಬಂದ ದಾರಿಯಲ್ಲೇ ಹೋಗುವ ಪ್ರಾಣಿ. ಸುತ್ತಲೂ ಜನ, ಕೂಗಾಟ, ಡ್ರೋನು, ಕ್ಯಾಮೆರಾ ಇದ್ದರೆ ಅದು ಮೂಲೆ ಹಿಡಿಯುತ್ತದೆ. ಮೂಲೆ ಹಿಡಿದ ಮೇಲೆ ಅದಕ್ಕಿರುವುದು ಒಂದೇ ದಾರಿ.

ಆ ದಿನಗಳಲ್ಲೇ ಆ ಭಾಗದಲ್ಲಿ ಬಾಡಿಗೆಗಿದ್ದ ನನ್ನ ಸೋದರಳಿಯ ಫೋನು ಮಾಡಿದ್ದ. ‘ಮಾವ, ನಮ್ ಏರಿಯಾಕ್ಕೇ ಚಿರತೆ ಬಂದೈತೆ. ಹಿಡ್ದು ಬೇರೆ ಕಡೆ ಬಿಡ್ತಾರಂತೆ, ಹೆದ್ರಬ್ಯಾಡಿ’ ಎಂದ.

‘ಯಾವ ಕಡೆಗಪ್ಪಾ?’ ಎಂದೆ.

‘ಎಲ್ಲೋ ಭದ್ರಾ ಕಡೆನೋ ಎಲ್ಲೋ.’

‘ಹಂಗಾದ್ರೆ ನಿಮ್ಮಮ್ಮಂಗೆ ಹೇಳು, ಮೇಕೆ ಒಳಗೆ ಕಟ್ಕಳಕ್ಕೆ.’

ಅವನಿಗೆ ತಕ್ಷಣ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನಂಥ ಓದಿದ ಹುಡುಗನಿಗೂ ಅಲ್ಲಿಯತನಕ ಆ ಯೋಚನೆ ಬಂದಿರಲಿಲ್ಲ. ಪ್ರಾಣಿ ಕಣ್ಣೆದುರಿನಿಂದ ಹೋಯಿತೆಂದರೆ ಸಮಸ್ಯೆಯೂ ಹೋಯಿತು ಎಂದು ನಂಬುವುದು ಅಷ್ಟು ಸುಲಭ.

ಹಿಡಿದು ಬೇರೆಡೆ ಬಿಟ್ಟರೆ ಏನಾಗುತ್ತದೆ ಎಂದು ಮಹಾರಾಷ್ಟ್ರ ಬೆಲೆ ತೆತ್ತು ಕಲಿತಿದೆ. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಕಬ್ಬಿನ ಗದ್ದೆಗಳಲ್ಲಿ ಚಿರತೆ ಹೆಚ್ಚಾದಾಗ ಬೋನಿಟ್ಟು ಹಿಡಿದು ದೂರದ ಕಾಡುಗಳಿಗೆ ಬಿಡತೊಡಗಿದರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅದರ ಪರಿಣಾಮವನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ಅಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಮಂದಿಯ ಮೇಲೆ ದಾಳಿಯಾಗುತ್ತಿತ್ತು. 2001ರಿಂದ 2003ರ ನಡುವೆ, ಹಿಡಿದು ಬಿಡುವ ಕೆಲಸ ಜೋರಾದ ಮೇಲೆ, ಅದು ವರ್ಷಕ್ಕೆ ಹದಿನೇಳಕ್ಕೆ ಏರಿತು. ಕಾರಣ ಊಹಿಸುವುದು ಕಷ್ಟವಲ್ಲ. ಚಿರತೆಗೆ ತನ್ನ ಸೀಮೆ ಇರುತ್ತದೆ. ಎಲ್ಲಿ ನೀರು, ಎಲ್ಲಿ ನಾಯಿ, ಯಾವ ಹೊತ್ತಿಗೆ ಜನ, ಎಲ್ಲ ಅದಕ್ಕೆ ಗೊತ್ತು. ಪೆಟ್ಟು ತಿಂದು, ಬೋನಿನಲ್ಲಿ ಹಲ್ಲು ಉಗುರು ಮುರಿದುಕೊಂಡು, ಗುರುತಿಲ್ಲದ ಊರಲ್ಲಿ ಇಳಿದ ಚಿರತೆಗೆ ಏನೂ ಗೊತ್ತಿಲ್ಲ. ಅಲ್ಲಿ ಮೊದಲೇ ಇರುವ ಚಿರತೆ ಇದನ್ನು ಅಟ್ಟುತ್ತದೆ. ಇದು ಹಳ್ಳಿಯ ಅಂಚಿಗೆ ಬರುತ್ತದೆ. ಇತ್ತ ಹಿಡಿದುಹೋದ ಜಾಗವೂ ಖಾಲಿ ಉಳಿಯುವುದಿಲ್ಲ. ಹೊಸ, ಎಳೆಯ ಚಿರತೆಯೊಂದು ಬಂದು ತುಂಬಿಕೊಳ್ಳುತ್ತದೆ.

ಬಿಟ್ಟ ಕಡೆ ಅದು ನಿಲ್ಲುತ್ತದೆಯೇ? ಅದೂ ಇಲ್ಲ. 2009ರಲ್ಲಿ ಅಹ್ಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದಿದ್ದ ಗಂಡು ಚಿರತೆಯೊಂದನ್ನು ಎತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ‘ಆಜೋಬಾ’ ಎಂದು ಹೆಸರಿಟ್ಟಿದ್ದರು, ಅಂದರೆ ಅಜ್ಜ. ಆ ಅಜ್ಜ ಹೊಲ, ಹೆದ್ದಾರಿ, ರೈಲುಹಳಿ, ಕಾರ್ಖಾನೆಗಳನ್ನು ದಾಟಿ ನೂರಿಪ್ಪತ್ತು ಕಿಲೋಮೀಟರಿನಷ್ಟು ನಡೆದು ಮುಂಬೈ ಮಗ್ಗುಲಿಗೆ ಬಂದು ನಿಂತಿತು. ದಾರಿಯಲ್ಲಿ ಒಬ್ಬ ಮನುಷ್ಯನನ್ನೂ ಮುಟ್ಟಲಿಲ್ಲ. 2011ರ ಕೊನೆಯಲ್ಲಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಕೇಂದ್ರ ಪರಿಸರ ಸಚಿವಾಲಯ ಚಿರತೆ ಸಂಘರ್ಷದ ಬಗ್ಗೆ ಮಾರ್ಗಸೂಚಿ ತಂದದ್ದೂ 2011ರಲ್ಲೇ. ಸುಮ್ಮಸುಮ್ಮನೆ ಹಿಡಿದು ಸಾಗಿಸಬೇಡಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹೇಳಿ ಇಷ್ಟು ವರ್ಷವಾದರೂ ಚಿರತೆ ಕಂಡ ಕೂಡಲೇ ಮೊದಲು ಬರುವ ಬೇಡಿಕೆ ಬೋನು, ಮೊದಲು ಹೊರಡುವ ವಾಹನ ಬೋನಿನದು.

ಚಿರತೆ ಸಾಧು ಪ್ರಾಣಿ ಎಂದು ನಾನು ಎಲ್ಲಿಯೂ ಹೇಳಲಾರೆ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಗೆ ಬಲಿಯಾದರು. ಕಾಲೇಜಿಗೆ ಹೋಗುವ ಹುಡುಗಿ ಇದ್ದಳು, ಹನ್ನೊಂದು ವರ್ಷದ ಬಾಲಕ ಇದ್ದ. ನಮಗೆ ಹತ್ತಿರದ ತುಮಕೂರು ಸೀಮೆಯಲ್ಲಿ 2020ರ ಆರಂಭದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಮನುಷ್ಯರ ಮೇಲೆ ಬೀಳುವುದನ್ನೇ ರೂಢಿ ಮಾಡಿಕೊಂಡ ಪ್ರಾಣಿಯನ್ನು ಹಿಡಿಯಲೇಬೇಕು, ಹಿಡಿದರೆ ಮತ್ತೆ ಹೊರಗೆ ಬಿಡಲೂಬಾರದು. ಆದರೆ ಕೊಂದ ಚಿರತೆಗೂ ಸಿಸಿಟಿವಿಯಲ್ಲಿ ಸುಮ್ಮನೆ ಹಾದುಹೋದ ಚಿರತೆಗೂ ಒಂದೇ ಶಿಕ್ಷೆ ಎನ್ನುವುದು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ.

ನಮ್ಮ ಕಡೆಯವರು ಈ ಪ್ರಾಣಿಯ ಜೊತೆ ಹೇಗೆ ಏಗುತ್ತಾರೆ ಎಂದು ನಗರದವರು ಒಮ್ಮೆ ಬಂದು ನೋಡಬೇಕು. ಹಳೆಯ ರೊಪ್ಪಕ್ಕೆ ಎದೆಮಟ್ಟ ಕಲ್ಲುಗೋಡೆ, ಅದರ ಮೇಲೆ ಜಾಲಿಮುಳ್ಳು. ತೋಳಕ್ಕೆ ಅಷ್ಟು ಸಾಕಾಗುತ್ತಿತ್ತು, ಚಿರತೆಗೆ ಸಾಲದು. ಅದು ಮೇಲಿನಿಂದ ಇಳಿಯುತ್ತದೆ. ಒಳಗೆ ಕುರಿಗಳಿಗೆ ಓಡಲು ಜಾಗವಿಲ್ಲದೆ ಗಾಬರಿಬಿದ್ದು ನುಗ್ಗಾಡುವಾಗ ಒಂದರ ಹಿಂದೊಂದು ಕೊಲ್ಲುತ್ತದೆ, ಒಯ್ಯುವುದು ಒಂದನ್ನೇ. ಬೆಳಿಗ್ಗೆ ಆ ರೊಪ್ಪದ ಬಾಗಿಲು ತೆಗೆದವನ ಮುಖ ನೋಡುವಂತಿರುವುದಿಲ್ಲ. ಈಗ ತಿಳಿದವರು ನೆತ್ತಿಯ ಮೇಲೂ ತಂತಿ ಬಲೆ ಹೊದಿಸುತ್ತಿದ್ದಾರೆ, ಅಂಥ ರೊಪ್ಪದಲ್ಲಿ ಚಿರತೆ ಸುತ್ತು ಹಾಕಿ ವಾಪಸು ಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ರಾತ್ರಿಯ ತ್ರೀಫೇಸ್ ಕರೆಂಟಿನದು. ಕರೆಂಟು ಬಂದಾಗ ನೀರು ಹಾಯಿಸಲು ಕತ್ತಲಲ್ಲಿ ತೆಂಗಿನ ತೋಟಕ್ಕೆ ಹೋಗಲೇಬೇಕು, ಕೈಯಲ್ಲೊಂದು ಬ್ಯಾಟರಿ ಅಷ್ಟೇ. ಹಗಲು ಕರೆಂಟು ಕೊಟ್ಟರೆ ರೈತನೂ ಚಿರತೆಯೂ ಎದುರಾಗುವ ಸಂದರ್ಭವೇ ಅರ್ಧ ಕಡಿಮೆಯಾದೀತು. ಬೋನಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂಥದ್ದಕ್ಕೆ ಬರಲಿ ಎಂದು ನಾವು ಕೇಳಿದರೆ ತಪ್ಪೇ?

ಕೋತಿಯ ವಿಷಯವಂತೂ ಹೇಳಿ ಮುಗಿಯದು. ಪೇಟೆಯಲ್ಲಿ ಹಿಡಿದ ಮಂಗಗಳನ್ನು ತಂದು ನಮ್ಮ ಸೀಮೆಯಲ್ಲಿ ಬಿಟ್ಟುಹೋಗುತ್ತಾರೆ ಎಂಬುದು ತೆಂಗಿನ ಬೆಳೆಗಾರರ ಹಳೆಯ ದೂರು. ಎಳಗಾಯಿ ಕಿತ್ತು ಅರ್ಧ ಕುಡಿದು ಎಸೆದ ತೋಟಗಳನ್ನು ನೋಡಿದವರಿಗೆ ಆ ಸಿಟ್ಟು ಎಂಥದ್ದೆಂದು ಗೊತ್ತು. ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ಮಂಗನಿಗೆ ಮನೆಯ ರುಚಿ ಹತ್ತಿಸುವವರು ಒಂದೂರಿನವರು, ಅದರ ಫಲ ಉಣ್ಣುವವರು ಇನ್ನೊಂದೂರಿನವರು.

ನಗರದಲ್ಲಿ ಎಲ್ಲವೂ ಹೆದರಿಸುವ ಪ್ರಾಣಿಗಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಕಾಡುಪಾಪ ಇದೆ ಎಂದರೆ ಅಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಜನ ನಂಬುವುದಿಲ್ಲ. ತೂಕ ಇನ್ನೂರು ಗ್ರಾಂ ಆಸುಪಾಸು, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಕತ್ತಲಾದ ಮೇಲೆ ಹೊರಬಂದು ಹುಳಹುಪ್ಪಟೆ ಹಿಡಿಯುತ್ತದೆ. ಮಂಗನ ಹಾಗೆ ಅದು ಜಿಗಿಯಲಾರದು. ಒಂದು ಕೈಯಲ್ಲಿ ಈ ಕೊಂಬೆ ಹಿಡಿದು, ಇನ್ನೊಂದು ಕೈ ಚಾಚಿ ಮುಂದಿನ ಕೊಂಬೆ ಸಿಕ್ಕಿತೆಂದು ಖಾತ್ರಿಯಾದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ಆದ್ದರಿಂದ ಅದಕ್ಕೆ ಕೊಂಬೆಗೆ ಕೊಂಬೆ ಕೂಡಿದ ಮರಗಳು ಬೇಕು. ರಸ್ತೆ ಅಗಲಕ್ಕೆ ನಡುವೆ ನಾಲ್ಕು ಮರ ಕಡಿದರೆ ಆಚೆ ಬದಿಯ ಕಾಡುಪಾಪ ಆಚೆಗೇ, ಈಚೆಯದು ಈಚೆಗೇ. ತಂತಿ ಹಿಡಿದು ದಾಟಲು ಹೋಗಿ ಕರೆಂಟಿಗೆ ಸಿಕ್ಕುವುದೂ ಉಂಟು. ಹಳೆಯ ಕಾಲೇಜು, ಕಾರ್ಖಾನೆ, ಸಂಶೋಧನಾ ಸಂಸ್ಥೆಗಳ ಕಾಂಪೌಂಡಿನೊಳಗೆ ಅದು ಬದುಕಿದೆ ಎಂದರೆ ಅಲ್ಲಿ ಮರ ಕಡಿಯದೆ ಬಿಟ್ಟವರ ಪುಣ್ಯ. ತುಮಕೂರು ಕಡೆ ಇದೇ ಪ್ರಾಣಿ ಹೊಲದ ಬೇಲಿಸಾಲುಗಳಲ್ಲಿ ಬದುಕಿದೆ. ಅಲ್ಲಿ ಜೀವಬೇಲಿ ಕಿತ್ತು ಕಲ್ಲುಕಂಬ ನೆಟ್ಟರೆ ಅದಕ್ಕೂ ಅದೇ ಗತಿ. ಈ ಮಾತು ನಮ್ಮ ರೈತರಿಗೂ ಹೇಳಬೇಕು, ಹೇಳುತ್ತಿದ್ದೇನೆ.

ಎಲ್ಲ ಕಡೆಯಿಂದ ನೋಡಿದರೂ ಮಾತು ಬಂದು ನಿಲ್ಲುವುದು ಜಾಗದ ಹತ್ತಿರ. ನಮ್ಮ ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನೇ ನೋಡಿ. ಏಳು ಚದರ ಕಿಲೋಮೀಟರಿನಷ್ಟು ಹುಲ್ಲುಗಾವಲು. 2011ರಲ್ಲಿ ಅದನ್ನು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಹಾಗೆ ಘೋಷಿಸಿದ್ದರಿಂದ ಅಲ್ಲಿ ಇವತ್ತಿಗೂ ಕೃಷ್ಣಮೃಗ ನೆಗೆಯುತ್ತದೆ, ತೋಳ ಓಡಾಡುತ್ತದೆ. ಇಲ್ಲದಿದ್ದರೆ ಎಷ್ಟೋ ಕಾವಲುಗಳ ಹಾದಿಯನ್ನೇ ಅದೂ ಹಿಡಿಯುತ್ತಿತ್ತು. ಬೆಂಗಳೂರಿನವರೂ ಇದನ್ನು ಮಾಡಬಲ್ಲರು ಎಂಬುದಕ್ಕೆ ಹೆಸರಘಟ್ಟ ಸಾಕ್ಷಿ. ಅಲ್ಲಿನ 5,678 ಎಕರೆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರ ಜನವರಿಯಲ್ಲಿ ಒಪ್ಪಿತು. ವರ್ಷಗಟ್ಟಲೆ ಬಿಡದೆ ಬೆನ್ನುಹತ್ತಿದ ನಾಗರಿಕರ ಗೆಲುವು ಅದು.

ಬನ್ನೇರುಘಟ್ಟದ ಸುತ್ತ ನಡೆದದ್ದು ಇದಕ್ಕೆ ತದ್ವಿರುದ್ಧ. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಮೊದಲಿನ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರಲ್ಲಿ ಅಂತಿಮ ಅಧಿಸೂಚನೆ ಬಂದಾಗ 168.84ಕ್ಕೆ ಇಳಿಯಿತು. ಹೆಚ್ಚು ಕಡಿಮೆ ನೂರು ಚದರ ಕಿಲೋಮೀಟರು ಬಿಟ್ಟುಹೋಯಿತು. ಆ ಜಾಗದಲ್ಲಿ ನಾಳೆ ಏಳುವ ಬಡಾವಣೆಗಳಲ್ಲಿ ನಮ್ಮ ಮಕ್ಕಳೇ ಸಾಲ ಮಾಡಿ ಮನೆ ಕೊಳ್ಳುತ್ತಾರೆ. ಆಮೇಲೆ ಒಂದು ರಾತ್ರಿ ಗೇಟಿನ ಮುಂದೆ ಚಿರತೆ ನಿಂತಿರುತ್ತದೆ, ಮತ್ತೆ ಬೋನು ಬರುತ್ತದೆ.

ಮನೆ ಕೊಳ್ಳುವವರು ನೀರು, ರಸ್ತೆ, ಖಾತೆ ಎಲ್ಲ ಕೇಳುತ್ತೀರಿ. ಪಕ್ಕದಲ್ಲಿರುವುದು ಯಾವ ಅರಣ್ಯ, ಯಾವ ಕಾವಲು ಎಂಬುದನ್ನೂ ಕೇಳಿಕೊಳ್ಳಿ. ಅಂಥ ಕಡೆ ಇರುವವರು ಕಸ ಬೀದಿಗೆ ಸುರಿಯಬೇಡಿ. ಕಸಕ್ಕೆ ನಾಯಿ ಸೇರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಚಿರತೆ ಕಂಡರೆ ವಿಡಿಯೊ ಮಾಡಲು ಹಿಂದೆ ಓಡಬೇಡಿ, ಗುಂಪು ಕಟ್ಟಬೇಡಿ, ಅದು ಹೋಗಲು ದಾರಿ ಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಮೈಸೂರಿನ ಇನ್ಫೊಸಿಸ್ ಆವರಣದಲ್ಲಿ 2024ರ ಡಿಸೆಂಬರ್ 31ರಂದು ಚಿರತೆ ಕಂಡಾಗ ಜನರನ್ನು ಒಳಗಿರಿಸಿ, ಮನೆಯಿಂದ ಕೆಲಸ ಮಾಡಿ ಎಂದರು. ದಿನಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ಬಂದ ದಾರಿಯಲ್ಲಿ ಹೊರಟುಹೋಗಿರಬೇಕು. ಯಾರಿಗೂ ಗಾಯವಾಗಲಿಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಬಿ.ಎಂ. ಕಾವಲು, ಯು.ಎಂ. ಕಾವಲು, ತಾತಗುಣಿಯ ರೋರಿಕ್ ಎಸ್ಟೇಟ್, ಗೊಲ್ಲಹಳ್ಳಿ ಗುಡ್ಡ, ಇವಿಷ್ಟನ್ನೂ ಕೂಡಿಸಿ ಸಂರಕ್ಷಣಾ ಮೀಸಲು ಮಾಡಿ ಎಂದು ಸಂಜಯ್ ಗುಬ್ಬಿ ತಂಡದ ವರದಿ ಶಿಫಾರಸು ಮಾಡಿದೆ. ಈ ಜಾಗಗಳು ಉಳಿದರೆ ಬೆಂಗಳೂರಿನ ಚಿರತೆಗೆ ಬೆಂಗಳೂರಿನಲ್ಲೇ ನೆಲೆ ಇರುತ್ತದೆ. ಬಾಸೂರಿಗೆ ಆದದ್ದು, ಹೆಸರಘಟ್ಟಕ್ಕೆ ಆದದ್ದು ಅಲ್ಲಿಗೂ ಆಗಬೇಕು. ಪಂಚನಹಳ್ಳಿ ಹೋಬಳಿಯಿಂದ ಹೋಗಿ ಬೆಂಗಳೂರಿನಲ್ಲಿ ಮತದಾರರಾಗಿರುವ ಮಕ್ಕಳೇ, ನಿಮ್ಮ ಕ್ಷೇತ್ರದ ಶಾಸಕರಿಗೆ ಇದನ್ನು ಕೇಳಿ ಈ ವಾರವೇ ಒಂದು ಪತ್ರ ಬರೆಯಿರಿ.